ಕಾಲು ದಿನದ ಲೆಕ್ಕ: ಈಜಿಪ್ಟಿನ ಪಂಚಾಂಗ ಮತ್ತು ನಮ್ಮ ಹಬ್ಬಗಳು

ಗಲ್ಫಿನಲ್ಲಿರುವ ಕನ್ನಡಿಗರಿಗೆ ಎರಡು ಮೂರು ಕಾಲಗಣನೆಗಳ ನಡುವೆ ಬದುಕುವುದು ಹೊಸದೇನಲ್ಲ. ಸಂಬಳ ಬರುವುದು ಇಂಗ್ಲಿಷ್ ತಿಂಗಳ ಲೆಕ್ಕದಲ್ಲಿ. ಈದ್ ರಜೆ ಸಿಗುವುದು ಹಿಜರಿ ತಿಂಗಳ ಲೆಕ್ಕದಲ್ಲಿ. ಯುಗಾದಿ, ಗೌರಿಹಬ್ಬ ಬರುವುದು ಊರಿನ ಪಂಚಾಂಗದ ಲೆಕ್ಕದಲ್ಲಿ. ಕರಾವಳಿಯವರಾದರೆ ಸಂಕ್ರಮಣದಿಂದ ಸಂಕ್ರಮಣಕ್ಕೆ ಎಣಿಸುವ ಪಗ್ಗು, ಬೇಸ್ಯ, ಕಾರ್ತೆಲ್, ಆಟಿ ತಿಂಗಳುಗಳೂ ಜೊತೆಗಿವೆ. ನಾನಿರುವ ಕ್ಯಾರಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ, ರಾಜಧಾನಿ ರಾಲಿಯ ಪಕ್ಕದಲ್ಲಿದೆ. ಇಲ್ಲಿ ಶ್ರೀ ವೆಂಕಟೇಶ್ವರ ದೇವಸ್ಥಾನವಿದೆ, ಸಾಕಷ್ಟು ಕನ್ನಡ ಕುಟುಂಬಗಳಿವೆ, ನಮ್ಮ ಮನೆಗಳಲ್ಲೂ ಇಂಥದೇ ಹಲವು ಲೆಕ್ಕಗಳಿವೆ.

ಈ ಲೆಕ್ಕಗಳು ಒಂದಕ್ಕೊಂದು ಹೊಂದದಿದ್ದಾಗ ಮೊದಲು ಪ್ರಶ್ನೆ ಕೇಳುವವರು ಮಕ್ಕಳು. ಜನವರಿ 14 ಅಥವಾ 15ರಂದು ಎಳ್ಳುಬೆಲ್ಲ ಹಂಚುತ್ತಾ, ಇವತ್ತಿನಿಂದ ಉತ್ತರಾಯಣ, ಸೂರ್ಯ ಉತ್ತರಕ್ಕೆ ತಿರುಗುತ್ತಾನೆ ಎಂದು ನಾವು ಹೇಳುತ್ತೇವೆ. ಸೂರ್ಯ ತಿರುಗುವುದು ಡಿಸೆಂಬರ್ 21 ಅಥವಾ 22ರಂದು ಎಂದು ಅವರು ಶಾಲೆಯಲ್ಲಿ ಕಲಿತಿರುತ್ತಾರೆ. ಸುಮಾರು 24 ದಿನಗಳ ವ್ಯತ್ಯಾಸ ಎಲ್ಲಿಂದ ಬಂತು? ದೊಡ್ಡವರು ಉತ್ತರ ಕೊಡದೆ ಮಾತು ತೇಲಿಸಿದರೆ ಮಗು ತನ್ನಷ್ಟಕ್ಕೆ ತೀರ್ಮಾನಿಸಿಕೊಳ್ಳುತ್ತದೆ: ಶಾಲೆಯದು ನಿಜ, ಮನೆಯದು ಬರೀ ಕಥೆ. ಹೊರನಾಡಿನಲ್ಲಿ ಬೆಳೆಯುವ ಮಕ್ಕಳ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ. ಈ ಪ್ರಶ್ನೆಗೆ ಒಳ್ಳೆಯ ಉತ್ತರ ಬೇಕಾದರೆ ಪ್ರಾಚೀನ ಈಜಿಪ್ಟಿನ ಕಡೆಗೆ ಒಮ್ಮೆ ನೋಡಬೇಕು. ಇದೇ ತೊಡಕನ್ನು ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅನುಭವಿಸಿದ ಜನ ಅವರು.

ಈಜಿಪ್ಟಿನ ಪಂಚಾಂಗದಷ್ಟು ಸರಳವಾದ ಪಂಚಾಂಗ ಇನ್ನೊಂದಿಲ್ಲ. ಹನ್ನೆರಡು ತಿಂಗಳು, ಪ್ರತಿ ತಿಂಗಳಿಗೂ ಸರಿಯಾಗಿ 30 ದಿನ. ತಿಂಗಳಿಗೆ ಹತ್ತು ಹತ್ತು ದಿನಗಳ ಮೂರು ವಾರ. ಒಟ್ಟು 360 ದಿನ ಮುಗಿದ ಮೇಲೆ ಯಾವ ತಿಂಗಳಿಗೂ ಸೇರದ ಐದು ದಿನ. ಒಸಿರಿಸ್, ಹೋರಸ್, ಸೆತ್, ಐಸಿಸ್, ನೆಫ್ತಿಸ್ ಎಂಬ ಐದು ದೇವತೆಗಳು ಆ ಐದು ದಿನಗಳಲ್ಲಿ ಹುಟ್ಟಿದರೆಂದು ನಂಬಿಕೆ. ಅಲ್ಲಿಗೆ 365. ವರ್ಷಕ್ಕೆ ನಾಲ್ಕು ನಾಲ್ಕು ತಿಂಗಳ ಮೂರು ಋತುಗಳು: ನೈಲ್ ನದಿ ಉಕ್ಕಿ ಹೊಲಗಳನ್ನು ಮುಳುಗಿಸುವ ಅಖೆತ್, ನೀರು ಇಳಿದು ಪೈರು ಮೇಲೇಳುವ ಪೆರೆತ್, ಕೊಯ್ಲಿನ ಶೆಮು. ಇಥಿಯೋಪಿಯಾದ ಬೆಟ್ಟಗಳಲ್ಲಿ ಸುರಿದ ಮಳೆ ನೈಲ್‌ನಲ್ಲಿ ಪ್ರವಾಹವಾಗಿ ಬರುತ್ತಿದ್ದುದು ಹೆಚ್ಚುಕಡಿಮೆ ನಮ್ಮ ಕಾವೇರಿ ಕೆಂಪಾಗಿ ತುಂಬಿ ಹರಿಯುವ ತಿಂಗಳುಗಳಲ್ಲೇ.

ಪ್ರವಾಹದ ಮುನ್ಸೂಚನೆಗೆ ಅವರು ನೋಡುತ್ತಿದ್ದುದು ನಾವು ಲುಬ್ಧಕ ಎನ್ನುವ ನಕ್ಷತ್ರವನ್ನು. ಆಕಾಶದ ಅತಿ ಪ್ರಕಾಶಮಾನ ನಕ್ಷತ್ರ ಅದು. ಅವರು ಅದನ್ನು ಸೋಪ್ಡೆತ್ ಎಂಬ ದೇವತೆಯೆಂದು ಪೂಜಿಸುತ್ತಿದ್ದರು. ವರ್ಷದಲ್ಲಿ ಸುಮಾರು 70 ದಿನ ಸೂರ್ಯನ ಬೆಳಕಿನಲ್ಲಿ ಮರೆಯಾಗಿದ್ದು, ಆಮೇಲೆ ಒಂದು ಬೆಳಗಿನ ಜಾವ ಪೂರ್ವದಲ್ಲಿ ಮತ್ತೆ ಕಾಣಿಸಿಕೊಂಡಾಗ ನೀರು ಬರುವ ಕಾಲ ಹತ್ತಿರವಾಯಿತೆಂದು ತಿಳಿಯುತ್ತಿದ್ದರು.

ತೊಡಕು ಇದ್ದದ್ದು ಕಾಲು ದಿನದಲ್ಲಿ. ಋತುಗಳ ಒಂದು ಸುತ್ತು ಮುಗಿಯಲು ಹತ್ತಿರ ಹತ್ತಿರ 365 ಕಾಲು ದಿನ ಬೇಕು. ಈಜಿಪ್ಟಿನವರು ಆ ಕಾಲನ್ನು ಬಿಟ್ಟುಬಿಟ್ಟರು. ಹಾಗಾಗಿ ನಾಲ್ಕು ವರ್ಷಕ್ಕೆ ಒಂದು ದಿನದಂತೆ ಅವರ ಪಂಚಾಂಗ ಋತುವಿಗಿಂತ ಮುಂದೆ ಓಡಿತು. ನೂರು ವರ್ಷಕ್ಕೆ 25 ದಿನ. ಏಳುನೂರು ವರ್ಷಗಳಲ್ಲಿ ಸುಮಾರು ಆರು ತಿಂಗಳು. ಹೆಸರಿಗೆ ಪ್ರವಾಹದ ತಿಂಗಳು, ಹೊಲದಲ್ಲಿ ಒಣಗಿದ ಮಣ್ಣು. ಎಲ್ಲ ಋತುಗಳನ್ನೂ ಸುತ್ತಿ ಹೊಸ ವರ್ಷದ ದಿನ ಮತ್ತೆ ಲುಬ್ಧಕನ ಉದಯದ ದಿನಕ್ಕೆ ಬಂದು ಸೇರಲು ಸುಮಾರು 1460 ವರ್ಷ ಬೇಕು. ಕ್ರಿ.ಶ. 139ರಲ್ಲಿ ಹಾಗೆ ಸೇರಿತ್ತೆಂದು ರೋಮಿನ ಲೇಖಕ ಸೆನ್ಸೊರಿನಸ್ ದಾಖಲಿಸಿದ್ದಾನೆ.

ಅವರಿಗೆ ಇದು ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಚೆನ್ನಾಗಿಯೇ ಗೊತ್ತಿತ್ತು. ಆದರೂ ಬದಲಾಯಿಸಲಿಲ್ಲ, ಏಕೆಂದರೆ ಲೆಕ್ಕಪತ್ರಕ್ಕೆ ಇಂಥ ಪಂಚಾಂಗಕ್ಕಿಂತ ಅನುಕೂಲವಾದದ್ದು ಬೇರೆ ಇಲ್ಲ. ಎಲ್ಲ ವರ್ಷವೂ ಒಂದೇ ಉದ್ದ, ಎಲ್ಲ ತಿಂಗಳೂ ಒಂದೇ ಉದ್ದ. ಕೂಲಿ, ಕಂದಾಯ, ಉಗ್ರಾಣದ ಧಾನ್ಯ, ಯಾವುದನ್ನಾದರೂ ಬೆರಳಲ್ಲಿ ಎಣಿಸಬಹುದು. ಅಲೆಗ್ಸಾಂಡ್ರಿಯಾದ ಖಗೋಳಜ್ಞ ಟಾಲೆಮಿ ತನ್ನ ಗ್ರಹಗಣಿತವನ್ನು ಈಜಿಪ್ಟಿನ ವರ್ಷದಲ್ಲೇ ಬರೆದ. ಅವನ ನಂತರ ಹದಿನಾಲ್ಕು ಶತಮಾನಗಳು ಕಳೆದ ಮೇಲೆ, 1543ರಲ್ಲಿ ಪ್ರಕಟವಾದ ಕೊಪರ್ನಿಕಸನ ಗ್ರಂಥವೂ ಅದೇ ವರ್ಷವನ್ನು ಬಳಸಿತು. ಬಿತ್ತನೆ ಯಾವಾಗ ಎಂದು ತಿಳಿಯಲು ಈಜಿಪ್ಟಿನ ರೈತ ನದಿಯನ್ನೂ ನಕ್ಷತ್ರವನ್ನೂ ನೋಡಿಕೊಂಡ. ಎಣಿಕೆಗೆ ಒಂದು, ಋತುವಿಗೆ ಇನ್ನೊಂದು ಎಂದು ಎರಡನ್ನೂ ಇಟ್ಟುಕೊಂಡು ಬದುಕಿದ.

ಕಷ್ಟವಾದದ್ದು ಹಬ್ಬಗಳಿಗೆ. ಕ್ರಿ.ಪೂ. 238ರಲ್ಲಿ ರಾಜ ಮೂರನೆಯ ಟಾಲೆಮಿಯ ಕಾಲದಲ್ಲಿ ಪುರೋಹಿತರೆಲ್ಲ ಕನೋಪಸ್ ಎಂಬ ಊರಿನಲ್ಲಿ ಸಭೆ ಸೇರಿ ಒಂದು ಶಾಸನ ಹೊರಡಿಸಿದರು. ಎರಡು ಈಜಿಪ್ಟ್ ಲಿಪಿಗಳಲ್ಲೂ ಗ್ರೀಕಿನಲ್ಲೂ ಕೆತ್ತಿಸಿದ ಆ ಶಾಸನ ಇಂದಿಗೂ ಉಳಿದಿದೆ. ಚಳಿಗಾಲದ ಹಬ್ಬಗಳು ಮುಂದೊಂದು ದಿನ ಬೇಸಿಗೆಗೆ ಬಂದುಬಿಡಬಾರದು, ಆದ್ದರಿಂದ ನಾಲ್ಕು ವರ್ಷಕ್ಕೊಮ್ಮೆ ಐದರ ಜೊತೆಗೆ ಆರನೆಯ ದಿನವನ್ನೂ ಸೇರಿಸಬೇಕು ಎಂಬುದು ಅದರ ತಾತ್ಪರ್ಯ. ಅಧಿಕ ದಿನದ ಕಲ್ಪನೆ ಪೂರ್ತಿಯಾಗಿ ಅಲ್ಲಿದೆ. ರಾಜನ ಒಪ್ಪಿಗೆ ಇತ್ತು, ಪುರೋಹಿತರ ಒಪ್ಪಿಗೆ ಇತ್ತು, ಗಣಿತವೂ ಸರಿಯಿತ್ತು. ಆದರೂ ಅದು ಬಳಕೆಗೆ ಬರಲಿಲ್ಲ. ಜನ ಹಳೆಯ ಲೆಕ್ಕದಲ್ಲೇ ಹಬ್ಬ ಮಾಡಿದರು. ಜೂಲಿಯಸ್ ಸೀಸರ್ ಅಲೆಗ್ಸಾಂಡ್ರಿಯಾದ ಸೊಸಿಜೆನಿಸನ ಸಲಹೆ ಪಡೆದು ಕ್ರಿ.ಪೂ. 45ರಲ್ಲಿ ರೋಮಿನಲ್ಲಿ ನಾಲ್ಕು ವರ್ಷಕ್ಕೊಂದು ಅಧಿಕ ದಿನ ತಂದ. ಅಗಸ್ಟಸ್ ಈಜಿಪ್ಟನ್ನು ಗೆದ್ದ ಮೇಲೆ ಅದೇ ಪದ್ಧತಿ ಅಲ್ಲಿಯ ಆಡಳಿತಕ್ಕೂ ಬಂತು. ಹೀಗೆ ತಿದ್ದಿದ ಈಜಿಪ್ಟ್ ಪಂಚಾಂಗವೇ ಇಂದು ಕಾಪ್ಟಿಕ್ ಕ್ರೈಸ್ತರ ಪಂಚಾಂಗ. ಇಥಿಯೋಪಿಯಾದ ಹದಿಮೂರು ತಿಂಗಳ ವರ್ಷವೂ ಅದರ ಸೋದರಿ. ಸೆಪ್ಟೆಂಬರ್ 11ರ ಸುಮಾರಿಗೆ ನಿಮ್ಮ ಇಥಿಯೋಪಿಯಾದ ಸಹೋದ್ಯೋಗಿ ಹೊಸ ವರ್ಷದ ಸಿಹಿ ಹಂಚಿದರೆ, ಅದರ ಮೂಲ ಫರೋಗಳ ಕಾಲಕ್ಕೆ ಹೋಗುತ್ತದೆಂದು ನೆನಪಿಡಿ.

ಕಚೇರಿಯ ಕಾಲ ಬದಲಾದರೂ ಹಬ್ಬದ ಕಾಲ ಸುಲಭವಾಗಿ ಬದಲಾಗದು ಎಂಬುದಕ್ಕೆ ಉದಾಹರಣೆ ನಮ್ಮ ನಾರ್ತ್ ಕೆರೊಲಿನಾದಲ್ಲೂ ಇದೆ. ಸೀಸರನ ವರ್ಷ ಕೊಂಚ ಉದ್ದವಾಗಿತ್ತು. ಅದನ್ನು ತಿದ್ದಿ 1582ರಲ್ಲಿ ಗ್ರೆಗೋರಿಯನ್ ಕ್ಯಾಲೆಂಡರ್ ಬಂತು. ಬ್ರಿಟಿಷರು ಅದನ್ನು ಒಪ್ಪಿದ್ದು 1752ರಲ್ಲಿ. ಆ ವರ್ಷ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಆಯಿತು. ಆಗ ಬ್ರಿಟಿಷ್ ವಸಾಹತಾಗಿದ್ದ ನಾರ್ತ್ ಕೆರೊಲಿನಾದಲ್ಲೂ ಹನ್ನೊಂದು ದಿನ ಮಾಯವಾದವು. ಆದರೆ ನಮ್ಮ ರಾಜ್ಯದ ಕಡಲಂಚಿನ ದ್ವೀಪದಲ್ಲಿರುವ ರೊಡ್ಯಾಂಥಿ ಎಂಬ ಹಳ್ಳಿ ತನ್ನ ಹಳೆಯ ಕ್ರಿಸ್‌ಮಸ್ಸನ್ನು ಬಿಡಲಿಲ್ಲ. ಜನವರಿಯ ಮೊದಲ ದಿನಗಳಲ್ಲಿ ‘ಓಲ್ಡ್ ಕ್ರಿಸ್‌ಮಸ್’ ಆಚರಿಸುವ ರೂಢಿ ಅಲ್ಲಿ ಇಂದಿಗೂ ಇದೆ.

ಈಗ ನಮ್ಮ ಪಂಚಾಂಗಕ್ಕೆ ಬರೋಣ. ಈಜಿಪ್ಟಿನವರಂತೆ ನಾವು ಕಾಲು ದಿನ ಬಿಟ್ಟಿಲ್ಲ. ಚಾಂದ್ರಮಾನದ 354 ದಿನಗಳನ್ನು ಸೌರ ವರ್ಷಕ್ಕೆ ಹೊಂದಿಸಲು ಅಧಿಕಮಾಸವನ್ನೂ ಸೇರಿಸುತ್ತೇವೆ. ನಮ್ಮ ವ್ಯತ್ಯಾಸ ಬೇರೆ ಕಡೆ ಇದೆ. ಸೂರ್ಯ ಒಂದು ನಕ್ಷತ್ರದಿಂದ ಹೊರಟು ಮತ್ತೆ ಅದೇ ನಕ್ಷತ್ರಕ್ಕೆ ಬರುವುದನ್ನು ನಮ್ಮವರು ಒಂದು ವರ್ಷವೆಂದರು. ಋತುಚಕ್ರದ ವರ್ಷಕ್ಕಿಂತ ಇದು ಸುಮಾರು 20 ನಿಮಿಷ ದೊಡ್ಡದು. ಭೂಮಿಯ ಅಕ್ಷ ತಿರುಗುವ ಬುಗುರಿಯಂತೆ ನಿಧಾನವಾಗಿ ಓಲಾಡುವುದೇ ಇದಕ್ಕೆ ಕಾರಣ. ಇಪ್ಪತ್ತು ನಿಮಿಷ ಎಂದರೆ ಏನೂ ಅಲ್ಲ ಅನಿಸಬಹುದು. ಆದರೆ ಅದು 70 ಚಿಲ್ಲರೆ ವರ್ಷಕ್ಕೆ ಒಂದು ದಿನವಾಗುತ್ತದೆ. ಸುಮಾರು 1700 ವರ್ಷಗಳ ಹಿಂದೆ ಮಕರ ಸಂಕ್ರಮಣವೂ ಸೂರ್ಯ ಉತ್ತರಕ್ಕೆ ತಿರುಗುವ ದಿನವೂ ಒಂದೇ ಆಗಿದ್ದವು. ಅಲ್ಲಿಂದ ಇಲ್ಲಿಗೆ ಸೇರಿದ್ದೇ ಆ 24 ದಿನ.

ಕರಾವಳಿಯ ಬಿಸು ಪರ್ಬವನ್ನು ನೋಡಿ. ಬಿಸು ಎಂದರೆ ವಿಷು, ಅಂದರೆ ಹಗಲು ರಾತ್ರಿ ಸಮವಾಗುವ ವಿಷುವ ದಿನ. ಹಗಲು ರಾತ್ರಿ ಸಮವಾಗುವುದು ಮಾರ್ಚ್ 20ರ ಸುಮಾರಿಗೆ, ಬಿಸು ಕಣಿ ಇಡುವುದು ಏಪ್ರಿಲ್ 14 ಅಥವಾ 15ಕ್ಕೆ. ರೈತರ ಮಳೆ ನಕ್ಷತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಈಗ ಮೃಗಶಿರಾ ಮಳೆ ಹಿಡಿಯುವುದು ಜೂನ್ ಮೊದಲ ವಾರದ ಕೊನೆಗೆ, ಆರಿದ್ರಾ ಜೂನ್ 22ರ ಸುಮಾರಿಗೆ. ಇದೇ ಲೆಕ್ಕ ಮುಂದುವರಿದರೆ ಇನ್ನು ಸಾವಿರ ವರ್ಷಕ್ಕೆ ಈಗ ಆರಿದ್ರಾ ಬರುವ ದಿನಕ್ಕೆ ಮೃಗಶಿರಾ ಬರುತ್ತದೆ. ಮಳೆಯ ಬಗ್ಗೆ ಅಜ್ಜಂದಿರು ಕಟ್ಟಿದ ಗಾದೆಗಳೆಲ್ಲ ಒಂದು ನಕ್ಷತ್ರ ಹಿಂದೆ ಬಿದ್ದಿರುತ್ತವೆ.

ಇದನ್ನು ಸರಿಪಡಿಸಲು ನಮ್ಮಲ್ಲೂ ಒಂದು ಕನೋಪಸ್ ಶಾಸನ ಬಂತು. 1952ರಲ್ಲಿ ಭಾರತ ಸರ್ಕಾರ ವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ನೇಮಿಸಿತು. ಅದರ ಸಲಹೆಯಂತೆ, ಋತುಗಳಿಗೆ ಕಟ್ಟಿದ ರಾಷ್ಟ್ರೀಯ ಶಕ ಪಂಚಾಂಗ 1957ರ ಮಾರ್ಚ್ 22ರಂದು, ಶಕ 1879ರ ಚೈತ್ರ 1ರಿಂದ, ಜಾರಿಗೆ ಬಂತು. ಸರ್ಕಾರಿ ಗೆಜೆಟ್ಟಿನ ಮೇಲೆ ಆ ದಿನಾಂಕ ಇಂದಿಗೂ ಇದೆ. ನಮ್ಮಲ್ಲಿ ಎಷ್ಟು ಜನ ಇಂದು ಶಕ ಪಂಚಾಂಗದ ಯಾವ ದಿನ ಎಂದು ಹೇಳಬಲ್ಲೆವು? ಮೈಸೂರು ಸೀಮೆಯವರು ಹಬ್ಬ ನೋಡುವುದು ಒಂಟಿಕೊಪ್ಪಲ್ ಪಂಚಾಂಗದಲ್ಲೇ.

ಹಾಗಾದರೆ ಜನ ಹಠಮಾರಿಗಳೇ? ನನಗೆ ಹಾಗನಿಸುವುದಿಲ್ಲ. ಹಬ್ಬದ ದಿನವನ್ನು ನಿಜವಾಗಿ ಹಿಡಿದಿಟ್ಟಿರುವುದು ಸೂರ್ಯನೂ ಅಲ್ಲ, ಸರ್ಕಾರವೂ ಅಲ್ಲ. ಅದೇ ದಿನ ಹಬ್ಬ ಮಾಡುವ ಉಳಿದ ಜನ. ಊರಿನಲ್ಲಿ ಅಮ್ಮ ಒಬ್ಬಟ್ಟು ತಟ್ಟುವ ದಿನವೇ ನಮಗೆ ಯುಗಾದಿ. ಒಬ್ಬರೇ ತಿದ್ದಿಕೊಂಡರೆ ಲೆಕ್ಕ ಸರಿಯಾಗುತ್ತದೆ, ಹಬ್ಬ ಒಂಟಿಯಾಗುತ್ತದೆ. ಕನೋಪಸ್ಸಿನ ಪುರೋಹಿತರಿಗೂ ಸಾಹಾ ಅವರ ಸಮಿತಿಗೂ ಎದುರಾದ ಗೋಡೆ ಇದೇ ಎಂದು ಕಾಣುತ್ತದೆ.

ಹೆಚ್ಚಿನ ಪಂಚಾಂಗಗಳು ಋತುವನ್ನು ಬಿಟ್ಟು ಸರಿಯುತ್ತವೆ. ಸರಿಯುವ ವೇಗದಲ್ಲಷ್ಟೇ ವ್ಯತ್ಯಾಸ. ಚಂದ್ರನನ್ನೇ ನೆಚ್ಚಿದ ಹಿಜರಿ ವರ್ಷ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತುತ್ತದೆ. ಅದು ತಪ್ಪಲ್ಲ, ಆ ಲೆಕ್ಕದ ಸ್ವಭಾವ. ಈಜಿಪ್ಟಿನದಕ್ಕೆ ಸುಮಾರು 1500 ವರ್ಷ ಬೇಕು, ನಮ್ಮ ನಕ್ಷತ್ರ ವರ್ಷಕ್ಕೆ ಸುಮಾರು 26,000 ವರ್ಷ. ಗೋಡೆಯ ಮೇಲಿನ ಗ್ರೆಗೋರಿಯನ್ ಕ್ಯಾಲೆಂಡರ್ ಕೂಡ ಸುಮಾರು ಮೂರು ಸಾವಿರ ವರ್ಷಕ್ಕೆ ಒಂದು ದಿನ ತಪ್ಪುತ್ತದೆ.

ಎರಡು ಲೆಕ್ಕಗಳನ್ನು ಜೊತೆಗಿಟ್ಟುಕೊಳ್ಳುವ ಈಜಿಪ್ಟಿನ ಜಾಣತನ ನೀವಿರುವ ಕೊಲ್ಲಿಯ ತೀರದಲ್ಲೂ ಇದೆ. ಮೀನುಗಾರರು, ಮುತ್ತು ತೆಗೆಯುವವರು, ಖರ್ಜೂರದ ತೋಟಗಾರರು ಹಿಜರಿ ತಿಂಗಳ ಜೊತೆಗೆ ‘ದುರೂರ್’ ಎಂಬ ಲೆಕ್ಕ ಇಟ್ಟುಕೊಂಡಿದ್ದರು. ಹತ್ತು ಹತ್ತು ದಿನಗಳ 36 ಭಾಗ, ಕೊನೆಗೆ ಐದು ದಿನ. ಈಜಿಪ್ಟಿನ 36 ವಾರ ಮತ್ತು ಐದು ದಿನಗಳ ಹೊಂದಿಕೆಯೇ ಇಲ್ಲೂ. ಎಣಿಕೆ ಶುರುವಾಗುವುದು ಆಗಸ್ಟ್ ತಿಂಗಳಲ್ಲಿ, ಸುಹೈಲ್ ನಕ್ಷತ್ರ ಕಾಣಿಸಿಕೊಳ್ಳುವ ಕಾಲಕ್ಕೆ. ಈ ಸುಹೈಲ್ ಬೇರೆ ಯಾರೂ ಅಲ್ಲ, ನಮ್ಮ ಅಗಸ್ತ್ಯ. ಪಾಶ್ಚಾತ್ಯರು ಅದನ್ನು ಕನೋಪಸ್ ಎನ್ನುತ್ತಾರೆ, ಆ ಶಾಸನದ ಊರಿನದೇ ಹೆಸರು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅಗಸ್ತ್ಯೋದಯಕ್ಕೇ ಒಂದು ಅಧ್ಯಾಯವಿದೆ. ಅಗಸ್ತ್ಯ ಹುಟ್ಟಿದರೆ ಮಳೆಗಾಲದ ಕದಡು ನೀರು ತಿಳಿಯಾಗುತ್ತದೆಂಬುದು ನಮ್ಮ ಹಳೆಯ ನಂಬಿಕೆ.

ಆಕಾಶ ಒಂದೇ ಆದರೂ ನಿಂತ ನೆಲ ಬೇರೆಯಾದರೆ ಲೆಕ್ಕ ಬೇರೆಯಾಗುತ್ತದೆ. ಅಗಸ್ತ್ಯ ಬೆಂಗಳೂರಿನಲ್ಲಿ ದಿಗಂತದಿಂದ 24 ಡಿಗ್ರಿ ಮೇಲೇರುತ್ತಾನೆ, ದುಬೈಯಲ್ಲಿ 12 ಡಿಗ್ರಿ, ಕ್ಯಾರಿಯಲ್ಲಿ ಒಂದೂವರೆ ಡಿಗ್ರಿಯಷ್ಟೇ. ಇಲ್ಲಿನ ಪೈನ್ ಮರಗಳ ಹಿಂದೆ ಅವನು ಕಾಣುವುದೇ ಇಲ್ಲ. ತಿಥಿಯೂ ಹಾಗೆಯೇ. ಮಂಗಳವಾರ ಬೆಳಿಗ್ಗೆ 8ಕ್ಕೆ ಬೆಂಗಳೂರಿನಲ್ಲಿ ಒಂದು ತಿಥಿ ಶುರುವಾಯಿತೆನ್ನಿ. ಸೂರ್ಯೋದಯ ಕಳೆದಿದೆ, ಹಾಗಾಗಿ ಅಲ್ಲಿ ಹಬ್ಬ ಬುಧವಾರ. ಆ ಕ್ಷಣ ಕ್ಯಾರಿಯಲ್ಲಿ, ಬೇಸಿಗೆ ಸಮಯದ ಲೆಕ್ಕದಲ್ಲಿ, ಸೋಮವಾರ ರಾತ್ರಿ ಹತ್ತೂವರೆ. ಮಂಗಳವಾರದ ಸೂರ್ಯೋದಯಕ್ಕೆ ಆ ತಿಥಿ ಇರುವುದರಿಂದ ಇಲ್ಲಿ ಹಬ್ಬ ಮಂಗಳವಾರ. ಎರಡೂ ಸರಿಯೇ. ಈಜಿಪ್ಟಿನಲ್ಲೂ ಲುಬ್ಧಕ ದಕ್ಷಿಣದ ಆಸ್ವಾನಿನಲ್ಲಿ ಮೊದಲು ಕಾಣಿಸಿ, ಉತ್ತರದ ಊರುಗಳಲ್ಲಿ ಕೆಲವು ದಿನ ತಡವಾಗಿ ಕಾಣಿಸುತ್ತಿದ್ದ.

ಆದ್ದರಿಂದ ಮುಂದಿನ ಸಂಕ್ರಾಂತಿಗೆ ಮಗು ಕೇಳಿದರೆ ಹೀಗೆ ಹೇಳಬಹುದು: ಶಾಲೆಯಲ್ಲಿ ಹೇಳಿದ್ದು ಸರಿ, ಸೂರ್ಯ ಡಿಸೆಂಬರಿನಲ್ಲೇ ತಿರುಗಿದ. ನಾವು ಇಂದು ಆಚರಿಸುತ್ತಿರುವುದು ಅವನು ಮಕರ ರಾಶಿಗೆ ಬಂದದ್ದನ್ನು. ಒಂದು ಕಾಲಕ್ಕೆ ಎರಡೂ ಒಂದೇ ದಿನ ಇದ್ದವು, ಈಗ 24 ದಿನ ದೂರವಾಗಿವೆ, ಆ ದೂರವೇ ಈ ಹಬ್ಬದ ವಯಸ್ಸು ಹೇಳುತ್ತದೆ. ಡಿಸೆಂಬರ್ 21ರ ಸಂಜೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಸೂರ್ಯ ಮುಳುಗುವ ಜಾಗ ಗುರುತು ಹಾಕಿಸಿ. ಸಂಕ್ರಾಂತಿಯ ಸಂಜೆ ಮತ್ತೆ ಅಲ್ಲೇ ನಿಂತು ನೋಡಿ. ಅವನು ಉತ್ತರಕ್ಕೆ ಎಷ್ಟು ಸರಿದಿದ್ದಾನೆಂದು ಅವರೇ ಹೇಳುತ್ತಾರೆ. ಆಮೇಲೆ ಎಳ್ಳುಬೆಲ್ಲ ಕೊಡಿ.