ಗುಮ್ಮಟ ಬಿಟ್ಟು ಓಣಿಗೆ ಬಂದ ಕ್ಯಾಮೆರಾ

ವಿಜಯಪುರ ಜಿಲ್ಲೆಯ ಫೋಟೊ ಎಂದರೆ ಕಣ್ಣ ಮುಂದೆ ನಿಲ್ಲುವುದು ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾಕಮಾನು. ಅದೇ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಅಷ್ಟು ಹೆಸರಾದ ಗುಮ್ಮಟಗಳಿಲ್ಲ. ಇಲ್ಲಿರುವುದು ಎರೆಹೊಲ, ಸಂತೆ, ಜಾತ್ರೆ, ತಾಂಡಾ, ಲಿಂಬೆ ತೋಟ, ಭೀಮೆ, ಡೋಣಿ, ಕೃಷ್ಣೆಯರ ದಂಡೆ, ಅಲ್ಲಿ ದುಡಿಯುವ ಜನ. ಕಲ್ಲಿನ ಮೇಲೆ ನೆಟ್ಟ ಕ್ಯಾಮೆರಾದ ಕಣ್ಣು ಈ ಜನರ ಕಡೆ ಹೊರಳಲು ಸುಮಾರು ನೂರು ವರ್ಷ ಹಿಡಿಯಿತು. ಹೊರಳಿದ ಮೇಲೂ ಅದು ಅವರ ದಿನನಿತ್ಯದ ಬದುಕನ್ನು ಪೂರ್ತಿ ಕಂಡಿಲ್ಲ.

ಕಲ್ಲಿನ ಕಾಲ

1855ರಲ್ಲಿ ಮುಂಬಯಿ ಸರ್ಕಾರ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಪ್ರಾಚೀನ ಕಟ್ಟಡಗಳ ಫೋಟೊ ತೆಗೆಯಲು ನೇಮಿಸಿತು. ವಿಜಾಪುರ (ಈಗಿನ ವಿಜಯಪುರ), ಬಾದಾಮಿ, ಐಹೊಳೆಗಳನ್ನು ಆತ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಆ ಕಾಗದಕ್ಕೆ ಬಹಳ ಹೊತ್ತು ಬೆಳಕು ತಾಗಬೇಕಿತ್ತು. ಗುಮ್ಮಟ ಅಲುಗಾಡದೆ ನಿಂತಿತು. ನಡೆದುಹೋದ ಮನುಷ್ಯ ಮಸುಕಾದ ಗೆರೆಯಾದ. 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ವಿಜಾಪುರದ ವಾಸ್ತುಶಿಲ್ಪದ ದೊಡ್ಡ ಪುಸ್ತಕದಲ್ಲಿ ಬಿಗ್ಸ್ ಮತ್ತು ಮೇಜರ್ ಲಾಕ್ ತೆಗೆದ ಫೋಟೊಗಳಿವೆ. ಬರಹ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯೂಸನ್ ಅವರದು. ಇಂಥ ಚಿತ್ರಗಳಲ್ಲಿ ಎಲ್ಲೋ ಒಬ್ಬ ಮನುಷ್ಯ ನಿಂತಿದ್ದರೂ ಅವನಿರುವುದು ಕಟ್ಟಡದ ಎತ್ತರ ತಿಳಿಸಲು.

ಆಮೇಲೆ ಬಂದ ಗಾಜಿನ ಹಸಿ ಪ್ಲೇಟು ಚುರುಕಾಗಿತ್ತು, ಆದರೆ ಕಾಟವೂ ಅಷ್ಟೇ. ಗಾಜಿಗೆ ಔಷಧ ಸವರಿ, ಅದು ಆರುವುದರೊಳಗೆ ಫೋಟೊ ತೆಗೆದು ತೊಳೆಯಬೇಕು. ಹತ್ತು ಹದಿನೈದು ನಿಮಿಷದ ಆಟ. ವಿಜಾಪುರದ ಚೈತ್ರದ ಬಿಸಿಲಿಗೆ ಅಷ್ಟೂ ಸಿಗುವುದಿಲ್ಲ. ಜೊತೆಗೆ ಕತ್ತಲೆ ಡೇರೆ, ಔಷಧದ ಪೆಟ್ಟಿಗೆ, ನೀರು, ಹೊರಲು ಆಳುಗಳು ಬೇಕು. ಹಾಗೆಂದು ಸಾಮಾನಿನ ಭಾರವೊಂದರ ಮೇಲೆಯೇ ತಪ್ಪು ಹೊರಿಸುವಂತಿಲ್ಲ. ಇದೇ ಹಸಿ ಪ್ಲೇಟು ಹೊತ್ತುಕೊಂಡು ಜಾನ್ ಥಾಮ್ಸನ್ ಚೀನಾ ತಿರುಗಿದ. ಅಲ್ಲಿಯ ಬೀದಿ ವ್ಯಾಪಾರಿ, ಕೂಲಿ, ದೋಣಿಯ ಹೆಂಗಸರನ್ನು ಚಿತ್ರಿಸಿ 1873–74ರಲ್ಲಿ ನಾಲ್ಕು ಸಂಪುಟ ತಂದ. ನಮ್ಮಲ್ಲಿ ಜನರ ಫೋಟೊ ತೆಗೆಯುವ ದೊಡ್ಡ ಯೋಜನೆ ನಡೆದದ್ದು ಆಳುವವರ ಲೆಕ್ಕಕ್ಕಾಗಿ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ದಲ್ಲಿ ಮನುಷ್ಯರು ಜಾತಿಯ ಮಾದರಿಗಳಾಗಿ ನಿಂತರು. ಬಹುಪಾಲು ಮುಖಗಳಿಗೆ ಕುಲದ ಹೆಸರಿತ್ತು, ಸ್ವಂತ ಹೆಸರಿರಲಿಲ್ಲ.

ಕಣ್ಣಿಗಿಂತ ಮೊದಲು ಕಿವಿ

ಈ ಸೀಮೆಯ ದಿನದ ಬದುಕು ಮೊದಲು ದಾಖಲಾದದ್ದು ಕ್ಯಾಮೆರಾ ಇಲ್ಲದೆ. ಇಂಡಿ ಭಾಗದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಬೀಸುಕಲ್ಲಿನ ಮುಂದೆ, ಹೊಲದ ಬದುವಿನಲ್ಲಿ ಹೆಣ್ಣುಮಕ್ಕಳು ಹಾಡುತ್ತಿದ್ದುದನ್ನು ಕಿವಿಗೊಟ್ಟು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು, 1935ರಲ್ಲಿ ‘ಮಲ್ಲಿಗೆ ದಂಡೆ’. ತವರು, ಅತ್ತೆಮನೆ, ಕೂಸು, ಎತ್ತು, ರಾಶಿ ಎಲ್ಲವೂ ಅಲ್ಲಿವೆ. ಹಾಡಿದವರ ಮುಖಗಳು ಮಾತ್ರ ನಮಗೆ ಸಿಕ್ಕಿಲ್ಲ. ಆ ಗೆಳೆಯರ ಕೈಯಲ್ಲಿ ಒಂದು ಕ್ಯಾಮೆರಾವೂ ಇದ್ದಿದ್ದರೆ ಎಂದು ಈಗ ಮರುಗುವುದಷ್ಟೇ ಉಳಿದಿದೆ. ಆದರೆ ಫೋಟೊಗ್ರಾಫರಿಗೆ ಅವರಿಂದ ಕಲಿಯುವ ಪಾಠವೊಂದಿದೆ: ಕೆಲಸ ನಡೆವಲ್ಲಿಗೆ ಹೋಗಬೇಕು, ಕೆಲಸ ಕೆಡಿಸದೆ ಕೂಡಬೇಕು.

ಪರದೆಯ ಮುಂದೆ ಊರು

ತಾಲ್ಲೂಕು ಪಟ್ಟಣಗಳಲ್ಲಿ ಸ್ಟುಡಿಯೊಗಳು ತೆರೆದಾಗ ಜನ ತಾವಾಗಿಯೇ ಕ್ಯಾಮೆರಾದ ಮುಂದೆ ಬಂದರು. ಮದುವೆಯಾದ ಹೊಸದರಲ್ಲಿ ಜೋಡಿ ಫೋಟೊ, ಶಾಲೆಗೆ ಹಚ್ಚುವಾಗ ಪಾಸ್‌ಪೋರ್ಟ್ ಸೈಜಿನದು, ಜಾತ್ರೆಯಲ್ಲಿ ಬಣ್ಣದ ಪರದೆಯ ಮುಂದೆ ಗೆಳೆಯರದು. ಗಂಡಸು ಕುರ್ಚಿಯ ಮೇಲೆ, ಹೆಂಗಸು ಪಕ್ಕದಲ್ಲಿ. ತಲೆಯ ಮೇಲೆ ಇಳಕಲ್ ಸೀರೆಯ ಸೆರಗು, ಮೊಣಕಾಲ ಮೇಲೆ ಬಿಗಿಹಿಡಿದ ಕೈ. ಹಿಂದಿನ ಪರದೆಯಲ್ಲಿ ಅವರು ಎಂದೂ ಕಾಣದ ಹಿಮದ ಗುಡ್ಡ. ದಿನನಿತ್ಯವನ್ನು ಮನೆಯಲ್ಲೇ ಬಿಟ್ಟು ಬಂದ ಚಿತ್ರಗಳಿವು. ಆದರೂ ಹೇಗೆ ಕಾಣಿಸಬೇಕೆಂದು ಜನರೇ ತೀರ್ಮಾನಿಸಿದ ಮೊದಲ ಫೋಟೊಗಳೂ ಇವೇ.

1993ರಲ್ಲಿ ಚುನಾವಣಾ ಆಯೋಗ ಭಾವಚಿತ್ರವಿರುವ ಮತದಾರರ ಗುರುತಿನ ಚೀಟಿ ಶುರು ಮಾಡಿದ ಮೇಲೆ ಫೋಟೊಗ್ರಾಫರು ಹಳ್ಳಿಗೇ ಬರಬೇಕಾಯಿತು. ಸ್ಟುಡಿಯೊ ಮೆಟ್ಟಿಲು ತುಳಿಯದ ಎಷ್ಟೋ ಮುದುಕ-ಮುದುಕಿಯರಿಗೆ ಅದೇ ಮೊದಲ ಫೋಟೊ. ತೀರಿಕೊಂಡ ಮೇಲೆ ಮಕ್ಕಳು ಆ ಬೆರಳಗಲದ ಚಿತ್ರವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಬರ, ನೆರೆ, ತೇರು

ಜನರ ನಡುವೆ ತಿರುಗಿ ಫೋಟೊ ತೆಗೆಯುವುದನ್ನು ಕನ್ನಡಿಗರಿಗೆ ಕಲಿಸಿದವರಲ್ಲಿ ಇಬ್ಬರನ್ನು ನೆನೆಯಲೇಬೇಕು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ, ಮಕ್ಕಳ ಚಿತ್ರಗಳಿಂದಲೇ ಹೆಸರಾದರು. 1977ರಲ್ಲಿ ಪದ್ಮಶ್ರೀ ಪಡೆದರು. ಹೊನ್ನಾವರದ ಕೃಷ್ಣಾನಂದ ಕಾಮತ್ (1934–2002) ವಿಜ್ಞಾನಿಯಾಗಿದ್ದೂ ಊರೂರು ಅಲೆದು ಸಂತೆ, ಉಡುಪು, ಆಭರಣ, ಪಾತ್ರೆ-ಪಗಡಗಳನ್ನು ಫೋಟೊ ತೆಗೆದು ಅವುಗಳ ಬಗ್ಗೆ ಬರೆದರು. ‘ಬಸ್ತರ ಪ್ರವಾಸ’ ಅಂಥ ಅಲೆದಾಟದ ಫಲ. 1965ರಲ್ಲಿ ಶುರುವಾದ ‘ಸುಧಾ’ದಂಥ ವಾರಪತ್ರಿಕೆಗಳು ಚಿತ್ರಲೇಖನಕ್ಕೆ ಜಾಗ ಕೊಟ್ಟವು.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಪತ್ರಿಕೆಯ ಕ್ಯಾಮೆರಾ ಬಂದದ್ದು ಹೆಚ್ಚಾಗಿ ಸಂಕಟದ ದಿನ. ಬರ ಬಿದ್ದಾಗ ಬಿರುಕು ಬಿಟ್ಟ ಕೆರೆ, ಭೀಮೆ ಉಕ್ಕಿದಾಗ ಮುಳುಗಿದ ಹೊಲ, ಗುಳೆ ಹೊರಟಾಗ ಬಸ್ ಸ್ಟ್ಯಾಂಡಿನ ಗಂಟುಮೂಟೆ. ಉಳಿದ ದಿನ ಬಂದರೆ ಜಾತ್ರೆಗೆ. ಪೇಪರಿನ ಫೋಟೊಗಳನ್ನೇ ನಂಬಿದರೆ ಇಲ್ಲಿಯ ಜನ ಒಂದು ಅಳುತ್ತಾರೆ, ಇಲ್ಲ ತೇರು ಎಳೆಯುತ್ತಾರೆ. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟ ಆಲಮಟ್ಟಿ ಅಣೆಕಟ್ಟೆ 2006ರಲ್ಲಿ ಲೋಕಾರ್ಪಣೆಯಾಗುವ ಹೊತ್ತಿಗೆ ಕೃಷ್ಣೆಯ ದಂಡೆಯ ಹಳ್ಳಿಗಳು ಹಿನ್ನೀರಿಗೆ ಸೇರಿದ್ದವು. ಮನೆಯ ಅಳತೆ, ಗಿಡಮರದ ಲೆಕ್ಕ ಕಡತದಲ್ಲಿವೆ. ಆ ಅಂಗಳದಲ್ಲಿ ಜನ ಹೇಗೆ ಕೂಡುತ್ತಿದ್ದರು, ಎಲ್ಲಿ ರಾಶಿ ಮಾಡುತ್ತಿದ್ದರು ಎಂಬುದನ್ನು ನೋಡಬೇಕಾದರೆ ಯಾರದೋ ಮದುವೆ ಆಲ್ಬಮ್ಮಿನ ಹಿನ್ನೆಲೆಯಲ್ಲೇ ಹುಡುಕಬೇಕು.

ಮೊಬೈಲಿನ ದಿನ

ಈಗ ಪ್ರತಿ ಕೈಯಲ್ಲೂ ಕ್ಯಾಮೆರಾ. ಫೋಟೊಗೆ ಬರವಿಲ್ಲ, ನೋಟಕ್ಕೆ ಇದೆ. 2023ರ ಜನವರಿಯಿಂದ ಉದ್ಯೋಗ ಖಾತ್ರಿಯ ಸಾಮೂಹಿಕ ಕೆಲಸಗಳಲ್ಲಿ ಹಾಜರಿಯನ್ನು ಮೊಬೈಲ್ ಆ್ಯಪಿನಲ್ಲೇ ಹಾಕುವುದು ಕಡ್ಡಾಯವಾಯಿತು; ಕೂಲಿಕಾರರ ಫೋಟೊ ದಿನಕ್ಕೆ ಎರಡು ಸಲ ಏರಬೇಕಾಯಿತು. ಬುಟ್ಟಿ-ಸಲಿಕೆ ಹಿಡಿದ ಹೆಣ್ಣುಮಕ್ಕಳ ಇಷ್ಟೊಂದು ಚಿತ್ರಗಳನ್ನು ಹಿಂದೆಂದೂ ತೆಗೆದಿರಲಿಕ್ಕಿಲ್ಲ. ಅವನ್ನು ಚಿತ್ರವೆಂದು ನೋಡುವವರು ಯಾರೂ ಇಲ್ಲ. ಹೊಲದ ಕಡೆ ಕ್ಯಾಮೆರಾ ಹಿಡಿದು ಹೋದರೆ “ಇದು ಯಾವ ಸ್ಕೀಮಿಂದ್ರೀ?” ಎಂದು ಕೇಳುವುದು ಸಹಜವೇ ಆಗಿದೆ.

ಇನ್ನೊಂದು ದಾರಿಯೂ ತೆರೆದಿದೆ. ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಶುರು ಮಾಡಿದ ‘ಪರಿ’ ಜಾಲತಾಣ ಗ್ರಾಮೀಣ ಬದುಕಿನ ದಾಖಲೆಗೆಂದೇ ಇದೆ, ಕನ್ನಡದಲ್ಲೂ ಇದೆ. ಅದರ ಮುಖಗಳ ಯೋಜನೆಯಲ್ಲಿ ಪ್ರತಿ ಜಿಲ್ಲೆಯಿಂದ ಕನಿಷ್ಠ ಒಬ್ಬ ಹೆಂಗಸು, ಒಬ್ಬ ಗಂಡಸು, ಒಂದು ಮಗುವಿನ ಚಿತ್ರ ಸೇರಬೇಕು. ಹೆಸರು, ಕಸುಬು, ಊರು ಬರೆದಿರಬೇಕು. ‘ದಿ ಪೀಪಲ್ ಆಫ್ ಇಂಡಿಯಾ’ ಸಂಪುಟಗಳು ಬಿಟ್ಟುಹೋದದ್ದನ್ನು ಇದು ತುಂಬಿಕೊಡುತ್ತಿದೆ.

ಈ ನೆಲದಲ್ಲಿ ಫೋಟೊ ತೆಗೆಯುವವರಿಗೆ ಕಸುಬಿನ ತೊಡಕೂ ಒಂದಿದೆ. ಎರೆಮಣ್ಣಿನ ಕಪ್ಪು ನೋಡಿ ಕ್ಯಾಮೆರಾ ಬೆಳಕು ಹೆಚ್ಚು ಮಾಡಿಕೊಳ್ಳುತ್ತದೆ, ರೈತನ ಬಿಳಿ ರುಮಾಲು ಸುಣ್ಣದ ಮುದ್ದೆಯಾಗುತ್ತದೆ. ರುಮಾಲನ್ನು ಉಳಿಸಹೋದರೆ ಅದರ ನೆರಳಿನ ಮುಖ ಕಪ್ಪಾಗುತ್ತದೆ. ಹತ್ತಿರ ಹೋಗಿ ಮುಖದ ಬೆಳಕನ್ನೇ ಅಳೆಯಬೇಕು, ಇಲ್ಲವೇ ಹೊತ್ತು ಇಳಿಯುವ ತನಕ ಕಾಯಬೇಕು. ಎರಡಕ್ಕೂ ಆ ಮನುಷ್ಯನೊಡನೆ ನಾಲ್ಕು ಮಾತಾಡದೆ ಗತಿಯಿಲ್ಲ. ಒಳ್ಳೆಯ ಚಿತ್ರ ಹುಟ್ಟುವುದೂ ಆ ಮಾತಿನಿಂದಲೇ.

ಡಿಜಿಟಲ್ ಬಂದ ಮೇಲೆ ಹಳೆಯ ಸ್ಟುಡಿಯೊಗಳ ನೆಗೆಟಿವ್ ಡಬ್ಬಿಗಳು ಗುಜರಿ ಸೇರುತ್ತಿವೆ. ಈ ನಾಲ್ಕು ತಾಲ್ಲೂಕುಗಳ ಕಾಲೇಜು, ಗ್ರಂಥಾಲಯಗಳು ಅವನ್ನು ಕೇಳಿ ಪಡೆದು, ಗುರುತು ಹಿಡಿಯುವ ಹಿರಿಯರು ಇರುವಾಗಲೇ ಹೆಸರು ಬರೆಸಬೇಕು. ಹೊಸದಾಗಿ ತೆಗೆಯುವವರು ಫೋಟೊದ ಜೊತೆ ಹೆಸರು, ಊರು, ತಾರೀಖು ಬರೆದಿಡಲಿ. “ಒಂದ್ ಕಾಪಿ ಕೊಡ್ರಿ ಯಪ್ಪಾ” ಎಂದವರಿಗೆ ಆ ಕಾಪಿಯನ್ನು ತಪ್ಪದೆ ಮುಟ್ಟಿಸಲಿ.