ಕೂದಲು ಬರೆದಿಟ್ಟ ಲೆಕ್ಕ

1/4
ನಮ್ಮ ಪುತ್ತಿಗೆಯ ಇತಿಹಾಸ ಅಂದ ಕೂಡ್ಲೇ ನಿಮಗೆ ಚೌಟ ಅರಸರು ನೆನಪಾಗ್ತಾರೆ. ಅರಸರದ್ದು ಸುಲಭ ಮಾರಾಯ್ರೆ, ಮೂಡುಬಿದಿರೆಗೆ ಹೋದ್ರೆ ಅರಮನೆ ಉಂಟು, ಕೆತ್ತಿದ ಕಂಬ ಉಂಟು. ಆದ್ರೆ ಶಾಸನ ಬರೆಸದ ಜನರ ಇತಿಹಾಸ ಎಲ್ಲಿರ್ತದೆ? ಕೆಲವೊಮ್ಮೆ ಅವರ ತಲೆಕೂದಲಲ್ಲಿ!

2/4
2020ರ ಬೆಂಗಳೂರಿನ ಸಿನಿಮಾ ಡ್ರಗ್ಸ್ ಕೇಸ್ ನೆನಪುಂಟಲ್ಲ? ಕೂದಲಿನ ಸ್ಯಾಂಪಲ್ ಹೈದರಾಬಾದ್ ಲ್ಯಾಬಿಗೆ ಹೋದದ್ದು ದೊಡ್ಡ ಸುದ್ದಿ. ಕೂದಲೇ ಯಾಕೆ? ಹೆಚ್ಚಿನ ಡ್ರಗ್ಸ್ ಕುರುಹು ಮೂತ್ರದಲ್ಲಿ ಕೆಲವೇ ದಿನ ಇರ್ತದೆ. ಕೂದಲಿನ ಬುಡಕ್ಕೆ ಮಾತ್ರ ರಕ್ತವೇ ಆಹಾರ. ರಕ್ತದಲ್ಲಿದ್ದದ್ದು ಸ್ವಲ್ಪ ಕೂದಲೊಳಗೆ ಸೇರಿ ಅಲ್ಲೇ ಉಳೀತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೀತದೆ. ಅಂದ್ರೆ 3 ಸೆಂ.ಮೀ. ಕೂದಲು ಸುಮಾರು 3 ತಿಂಗಳ ಪಾಸ್‌ಬುಕ್.

ಆರ್ಸೆನಿಕ್ ಎಂಬ ವಿಷದ್ದೂ ಇದೇ ಕತೆ. 1961ರಲ್ಲಿ ನೆಪೋಲಿಯನ್‌ನ ಕೂದಲಲ್ಲೂ ಅದನ್ನು ಅಳೆದಿದ್ರು. ಸತ್ತ ಚಕ್ರವರ್ತಿಯ ಕೂದಲಿನ ಚರ್ಚೆ ಇವತ್ತಿಗೂ ಮುಗಿದಿಲ್ಲ.

3/4
ಈಗ ಬನ್ನಿ ಮಂಗಳೂರಿಗೆ. ನಮ್ಮ ಮಂಗಳೂರು ಅಲ್ಲ, ಯಾದಗಿರಿ ಜಿಲ್ಲೆ ಸುರಪುರ ಕಡೆಯ ಮಂಗಳೂರು. ಅಲ್ಲಿ ಹಳೇ ಚಿನ್ನದ ಗಣಿ ಉಂಟು. ಆ ಭಾಗದಲ್ಲಿ ಕಿರದಳ್ಳಿ ತಾಂಡಾ. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರ ಅಧ್ಯಯನ 2013ರಲ್ಲಿ ಪ್ರಕಟವಾಯ್ತು. 59 ಕೊಳವೆಬಾವಿ ನೀರಿನ ಸ್ಯಾಂಪಲ್‌ಗಳಲ್ಲಿ 79% ಮಿತಿ ಮೀರಿದ್ದವು. ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಸಿಕ್ಕಿದ ಗರಿಷ್ಠ 303! 171 ಜನರ ಕೂದಲು, ಉಗುರು ತೆಗೆದ್ರು. ಒಬ್ಬರದ್ದೂ ಬಿಡದೆ ಎಲ್ಲರದ್ದರಲ್ಲೂ ಆರ್ಸೆನಿಕ್ ಹೆಚ್ಚಿತ್ತು. ತಪಾಸಣೆ ಮಾಡಿದ 181 ಜನರಲ್ಲಿ 58.6% ಮಂದಿಗೆ ಚರ್ಮದ ಮೇಲೆ ಅದರ ಗುರುತು.

4/4
ಕೂದಲೊಂದೇ ಪೂರ್ತಿ ಸಾಕ್ಷಿ ಅಲ್ಲ. ನೀರು, ಧೂಳಿನಿಂದ ಹೊರಗೂ ವಿಷ ಅಂಟಬಹುದು. ಅದಕ್ಕೇ ಅವರು ನೀರು, ಮಣ್ಣು, ಆಹಾರ, ಚರ್ಮ ಎಲ್ಲವನ್ನೂ ನೋಡಿದ್ದು. ಎಲ್ಲ ಲೆಕ್ಕ ತಾಳೆ ಆಯ್ತು.

ಆರ್ಸೆನಿಕ್ ಕರಗಿದ ನೀರಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ತಾಂಡಾದವರು ಯಾವ ನಶೆಗೂ ಹೋದವರಲ್ಲ, ಬಾಯಾರಿ ನೀರು ಕುಡಿದವರು. ಸಿನಿಮಾದವರ ಕೂದಲು ನಮಗೆಲ್ಲ ನೆನಪುಂಟು. ಈ 171 ಜನರದ್ದು ಎಷ್ಟು ಜನರಿಗೆ ಗೊತ್ತು?

ಇನ್ನು ಸೆಲೂನ್ ಕುರ್ಚಿಯಲ್ಲಿ ಕೂತಾಗ ಒಮ್ಮೆ ನೆಲ ನೋಡಿ. ಗುಡಿಸಿ ಬಿಸಾಡುವುದರಲ್ಲೂ ಒಬ್ಬರ ಇತಿಹಾಸ ಉಂಟು.

#ಕೂದಲುಬರೆದಲೆಕ್ಕ #ಪುತ್ತಿಗೆ #ಕಿರದಳ್ಳಿತಾಂಡಾ