ಒಂದು ಹೆಸರು, ಎರಡು ಅಡ್ಡಹೆಸರು: ‘ಬಾಬಿ’ ಮತ್ತು ‘ಪೀಲರ್’ ಪದಗಳ ಬಳಕೆಯ ಚರಿತ್ರೆ

ಇಂಗ್ಲಿಷಿನ ಆಡುಮಾತಿನಲ್ಲಿ ಪೊಲೀಸರಿಗಿರುವ ಅಡ್ಡಹೆಸರುಗಳ ಪೈಕಿ ‘ಬಾಬಿ’ ಮತ್ತು ‘ಪೀಲರ್’ ಎಂಬ ಎರಡೂ ಒಬ್ಬನೇ ವ್ಯಕ್ತಿಯ ಹೆಸರಿನಿಂದ ಹುಟ್ಟಿದವು. ಆತ ಬ್ರಿಟನ್ನಿನ ರಾಜಕಾರಣಿ ಸರ್ ರಾಬರ್ಟ್ ಪೀಲ್. ಎರಡಕ್ಕೂ ‘ಪೊಲೀಸಿನವನು’ ಎಂಬ ಒಂದೇ ಅರ್ಥವನ್ನು ಕೊಟ್ಟು ಮುಗಿಸುವುದು ಸುಲಭ. ಆದರೆ ಸೂಚಿತ ವಸ್ತು ಒಂದೇ ಆದ ಮಾತ್ರಕ್ಕೆ ಈ ಪದಗಳು ಸಮಾನಾರ್ಥಕಗಳಾಗುವುದಿಲ್ಲ ಎಂಬುದನ್ನು ನಾವಿಲ್ಲಿ ಪ್ರತಿಪಾದಿಸುತ್ತೇವೆ.

ಮೊದಲು ರೂಪವನ್ನು ಗಮನಿಸೋಣ. ‘ರಾಬರ್ಟ್’ ಎಂಬುದು ‘ರಾಬ್’ ಎಂದು ಕಿರಿದಾಗಿ, ಆದ್ಯಕ್ಷರ ಪಲ್ಲಟದಿಂದ ‘ಬಾಬ್’ ಆಗುತ್ತದೆ. ‘ವಿಲ್’ ಎಂಬುದು ‘ಬಿಲ್’ ಆಗುವುದೂ ಹೀಗೆಯೇ. ಅದಕ್ಕೆ ‘-ಇ’ ಎಂಬ ಮುದ್ದುಸೂಚಕ ಪ್ರತ್ಯಯ ಸೇರಿ ‘ಬಾಬಿ’ ಸಿದ್ಧವಾಗುತ್ತದೆ. ‘ಪೀಲರ್’ನಲ್ಲಾದರೋ ಕುಲನಾಮಕ್ಕೆ ‘-ಅರ್’ ಪ್ರತ್ಯಯ ಹತ್ತಿದೆ. ಅದರ ಭಾವ ‘ಪೀಲನ ಕಡೆಯವನು’ ಎಂಬುದು. ಎರಡರಲ್ಲಿಯೂ ಅಂಕಿತನಾಮವು ರೂಢನಾಮವಾಗಿ ಮಾರ್ಪಟ್ಟಿದೆ.

ಕಾಲಕ್ರಮದಲ್ಲಿ ‘ಪೀಲರ್’ ಮೊದಲಿನದು, ಅದರ ನೆಲ ಐರ್ಲೆಂಡ್. ಪೀಲ್ 1812ರಿಂದ 1818ರವರೆಗೆ ಅಲ್ಲಿನ ಮುಖ್ಯ ಕಾರ್ಯದರ್ಶಿಯಾಗಿದ್ದ. 1814ರಲ್ಲಿ ಶಾಂತಿಪಾಲನಾ ದಳವನ್ನು ಸ್ಥಾಪಿಸಿದ. ಅಶಾಂತ ಜಿಲ್ಲೆಗಳಿಗೆ ಸರ್ಕಾರ ಕಳುಹಿಸುತ್ತಿದ್ದ ದಳವದು. ಕ್ಯಾಥೊಲಿಕರ ನಾಯಕ ಡೇನಿಯಲ್ ಓಕಾನೆಲ್, ಪ್ರಾಟೆಸ್ಟಂಟ್ ಪಕ್ಷಪಾತವನ್ನು ಹಂಗಿಸಲು ಪೀಲನನ್ನು ‘ಆರೆಂಜ್ ಪೀಲ್’ ಎಂದು ಕರೆದ. ‘ಕಿತ್ತಳೆಯ ಸಿಪ್ಪೆ’ ಎಂಬ ಈ ಶ್ಲೇಷೆಯಲ್ಲಿ ಕಿತ್ತಳೆಯು ಪ್ರಾಟೆಸ್ಟಂಟರ ರಾಜಕೀಯ ಬಣ್ಣವೂ ಹೌದು. ಹೀಗೆ ಕುಲನಾಮಕ್ಕೆ ಅಂಟಿದ್ದ ವೈಮನಸ್ಯದ ನಡುವೆಯೇ ಅದರಿಂದಾದ ಪದವೂ ಬೆಳೆಯಿತು.

ಲಂಡನ್ನಿನ ಸಂದರ್ಭ ಬೇರೆ. ಗೃಹಸಚಿವನಾಗಿ ಪೀಲ್ 1829ರಲ್ಲಿ ಮೆಟ್ರೊಪಾಲಿಟನ್ ಪೊಲೀಸ್ ಕಾಯಿದೆಯನ್ನು ತಂದ. ಅದೇ ವರ್ಷದ ಸೆಪ್ಟೆಂಬರ್ 29ರಂದು ಗಸ್ತು ಆರಂಭವಾಯಿತು. ಸೈನ್ಯದ ಕೆಂಪನ್ನು ಬಿಟ್ಟು ನೀಲಿ ಸಮವಸ್ತ್ರವನ್ನು ಆರಿಸಲಾಯಿತು. ಆರಂಭದಲ್ಲಿ ಜನರಿಗೆ ಈ ಪಡೆಯ ಮೇಲೆ ವಿಶ್ವಾಸವಿರಲಿಲ್ಲ. ‘ಪೀಲರ್’ ಪದ ಅಲ್ಲಿಯೂ ಪ್ರಚಲಿತವಿತ್ತು. ಕ್ರಮೇಣ ಪಡೆಯು ನಗರಜೀವನದ ಭಾಗವಾದಂತೆ ಆ ಪದ ಹಿಂದೆ ಸರಿಯಿತು, ‘ಬಾಬಿ’ ಉಳಿಯಿತು.

ಇಂದಿಗೂ ಈ ಹಂಚಿಕೆ ಅಳಿದಿಲ್ಲ. ಉತ್ತರ ಐರ್ಲೆಂಡಿನ ನಿತ್ಯದ ಮಾತಿನಲ್ಲಿ ‘ಪೀಲರ್’ ಜೀವಂತವಾಗಿದೆ. ಇಂಗ್ಲೆಂಡಿನಲ್ಲಿ ‘ಬಾಬಿ’ ಎಂದಾಗ ಕಾಲ್ನಡಿಗೆಯಲ್ಲಿ ಗಸ್ತು ತಿರುಗುವ, ಬೀದಿಯವರಿಗೆಲ್ಲ ಪರಿಚಿತನಾದ ಪೊಲೀಸಿನವನ ಚಿತ್ರ ಮೂಡುತ್ತದೆ. ಪೊಲೀಸ್ ನೀತಿಯ ಚರ್ಚೆಗಳಲ್ಲಿ ಆ ಚಿತ್ರವನ್ನೇ ಹಂಬಲದಿಂದ ಸ್ಮರಿಸುವುದುಂಟು.

ಈ ಭೇದಕ್ಕೆ ಪ್ರತ್ಯಯವೊಂದೇ ಕಾರಣವೆನ್ನಲಾಗದು. ಮುದ್ದುಸೂಚಕ ಪ್ರತ್ಯಯವು ಸಲಿಗೆಗೆ ಅವಕಾಶ ಕೊಡುತ್ತದೆ, ಸಲಿಗೆಯನ್ನು ಸೃಷ್ಟಿಸುವುದಿಲ್ಲ. ಅಡ್ಡಹೆಸರು ಕರೆಸಿಕೊಂಡವನನ್ನು ಗುರುತಿಸುವಷ್ಟೇ ಸ್ಪಷ್ಟವಾಗಿ ಕರೆದವನ ನೆಲೆಯನ್ನೂ ತೋರಿಸುತ್ತದೆ. ಆದ್ದರಿಂದ ಇಂಥ ಪದಗಳ ನಿಘಂಟು ನಮೂದಿನಲ್ಲಿ ವ್ಯುತ್ಪತ್ತಿಯೊಡನೆ, ಯಾರು ಯಾರನ್ನು ಎಲ್ಲಿ ನಿಂತು ಕರೆದರು ಎಂಬುದೂ ಅರ್ಥದ ಅಂಗವಾಗಿಯೇ ದಾಖಲಾಗಬೇಕು.